ಶುಗರ್ ಇದ್ದವರ ಆಪರೇಷನ್: ರೋಗಿಗೂ ಜೊತೆಗಿರುವವರಿಗೂ ಖಡಾಖಂಡಿತ ಸೂಚನೆ

ಇದನ್ನು ರೋಗಿಯೊಬ್ಬರೇ ಓದಿದರೆ ಸಾಲದು. ಮನೆಯಲ್ಲಿ ಅಡುಗೆ ಮಾಡುವವರು, ರಾತ್ರಿ ವಾರ್ಡಿನಲ್ಲಿ ಮಂಚದ ಪಕ್ಕ ಚಾಪೆ ಹಾಸಿ ಮಲಗುವವರು, ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡಾಡುವವರು, ಮನೆಗೆ ಬಂದ ಮೇಲೆ ಪಥ್ಯ ಯಾವುದೆಂದು ತೀರ್ಮಾನಿಸುವ ಹಿರಿಯರು, ಎಲ್ಲರೂ ಓದಬೇಕು. ಥಿಯೇಟರಿನ ಒಳಗಿನ ಕೆಲಸ ಡಾಕ್ಟರದು. ಅದರ ಹಿಂದಿನ ಕೆಲವು ವಾರ, ಮುಂದಿನ ಕೆಲವು ವಾರ ನಿಮ್ಮ ಕೈಯಲ್ಲಿವೆ. ಗಾಯ ಕೂಡುತ್ತದೋ ಕೀವಾಗುತ್ತದೋ ಎನ್ನುವುದರಲ್ಲಿ ಆ ವಾರಗಳ ಪಾಲು ದೊಡ್ಡದು.

ಕೆಳಗಿನ ಅಂಕಿಗಳು ಸಾಮಾನ್ಯ ನಿಯಮಗಳು. ನಿಮ್ಮ ಡಾಕ್ಟರು ಚೀಟಿಯಲ್ಲಿ ಬೇರೆ ಬರೆದುಕೊಟ್ಟಿದ್ದರೆ ಆ ಚೀಟಿಯಂತೆ ನಡೆಯಿರಿ.

ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು

ಮಂಡಿ ಬದಲಾಯಿಸುವುದು, ತೊಂದರೆ ಕೊಡದ ಹರ್ನಿಯಾ, ಆಗೊಮ್ಮೆ ಈಗೊಮ್ಮೆ ನೋಯುವ ಪಿತ್ತಕೋಶದ ಕಲ್ಲು ಇಂಥವಕ್ಕೆ ದಿನ ಗೊತ್ತು ಮಾಡುವ ಮೊದಲು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಅದರಲ್ಲಿ ಗೊತ್ತಾಗುತ್ತದೆ. ತುರ್ತಿಲ್ಲದ ಆಪರೇಷನ್‌ಗೆ ಸಾಧ್ಯವಾದಷ್ಟೂ ಅದು ಶೇ. 8ಕ್ಕಿಂತ ಕೆಳಗಿರಲಿ ಎನ್ನುತ್ತದೆ ಅಮೆರಿಕದ ಮಧುಮೇಹ ಸಂಘ. ಬ್ರಿಟನ್ನಿನವರು 8.5ರವರೆಗೆ ಒಪ್ಪುತ್ತಾರೆ. ನಿಮ್ಮದು 10.5 ಇದ್ದು, ‘ಎರಡು ತಿಂಗಳು ಬಿಟ್ಟು ಬನ್ನಿ’ ಎಂದು ಡಾಕ್ಟರು ವಾಪಸು ಕಳಿಸಿದರೆ ಬೇಸರ ಮಾಡಿಕೊಳ್ಳಬೇಡಿ. ನಾಳೆಯೇ ಮಾಡಿಕೊಡುವ ಇನ್ನೊಂದು ಆಸ್ಪತ್ರೆಯನ್ನು ಹುಡುಕಿಕೊಂಡು ಹೋಗಬೇಡಿ. ವಾಪಸು ಕಳಿಸಿದವರು ನಿಮಗೆ ಉಪಕಾರವನ್ನೇ ಮಾಡಿದ್ದಾರೆ.

ರಕ್ತ ಕೊಡುವ ಹಿಂದಿನ ಎರಡು ದಿನ ಅನ್ನ ಬಿಟ್ಟು ವರದಿ ಚೆನ್ನಾಗಿ ಬರುವಂತೆ ಮಾಡುವ ಚಾಳಿ ಕೆಲವರಿಗಿದೆ. ಮಾಡಬೇಡಿ. ಬರಿಹೊಟ್ಟೆಯ ಸಕ್ಕರೆ ಹಾಗೆ ಇಳಿಯಬಹುದು, ಎಚ್‌ಬಿಎ1ಸಿ ಇಳಿಯುವುದಿಲ್ಲ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟು ದಿನದ ಲೆಕ್ಕವೂ ಅದರಲ್ಲಿ ಉಳಿದಿರುತ್ತದೆ. ರಕ್ತಹೀನತೆ ಇದ್ದರೆ, ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಹೇಳಿ, ಆಗ ಈ ಅಂಕಿಯನ್ನು ನಂಬುವಂತಿಲ್ಲ.

ಇನ್ನು ಕಾಯಬಾರದ್ದು. ಕಾಲಿನ ಬೆರಳು ಕಪ್ಪಾಗಿದೆ, ಪಾದದ ಹುಣ್ಣಿನಿಂದ ವಾಸನೆ ಬರುತ್ತಿದೆ, ಅಪೆಂಡಿಕ್ಸ್ ನೋವು ಎದ್ದಿದೆ, ಹರ್ನಿಯಾ ಒಳಗೆ ಹೋಗದೆ ಸಿಕ್ಕಿಕೊಂಡಿದೆ: ಇಲ್ಲಿ ‘ಮೊದಲು ಶುಗರ್ ಇಳಿಸಿಕೊಂಡು ಆಮೇಲೆ ತೋರಿಸೋಣ’ ಎನ್ನಬೇಡಿ. ಕೀವು ಒಳಗಿರುವವರೆಗೆ ಸಕ್ಕರೆ ಇಳಿಯುವುದು ಕಷ್ಟ, ಏಕೆಂದರೆ ಸಕ್ಕರೆಯನ್ನು ಏರಿಸುತ್ತಿರುವುದೇ ಆ ಸೋಂಕು. ಕೀವು ಹೊರಗೆ ಹೋದ ಮೇಲೆ ಅದೇ ಪ್ರಮಾಣದ ಇನ್ಸುಲಿನ್‌ಗೆ ಸಕ್ಕರೆ ಬಗ್ಗತೊಡಗುತ್ತದೆ.

‘ಶುಗರ್ ಇದ್ದವರಿಗೆ ಕೊಯ್ದರೆ ಮಾಗಲ್ಲ’ ಎಂಬ ಮಾತನ್ನು ರೋಗಿಯ ಮುಂದೆ ಆಡಬೇಡಿ. ಆ ಭಯಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು. 1921ರಲ್ಲಿ ಟೊರೊಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ ಬೇರ್ಪಡಿಸುವವರೆಗೆ ಸಕ್ಕರೆ ಕಾಯಿಲೆಯವರ ಮೇಲೆ ಕತ್ತಿ ಇಡಲು ಶಸ್ತ್ರವೈದ್ಯರೇ ಹಿಂಜರಿಯುತ್ತಿದ್ದರು. (ಬ್ಯಾಂಟಿಂಗ್ ಸ್ವತಃ ಶಸ್ತ್ರವೈದ್ಯರು.) ನೂರು ವರ್ಷ ಕಳೆದ ಮೇಲೂ ಆ ಭಯ ಹಿಡಿದುಕೊಂಡು ಬೆರಳಲ್ಲಿ ಮುಗಿಯಬೇಕಾದ್ದನ್ನು ಮೊಣಕಾಲಿನವರೆಗೆ ಬೆಳೆಸಬೇಡಿ.

ಮಾತ್ರೆ, ಇಂಜೆಕ್ಷನ್

ಇಡೀ ಸೂಚನೆಯಲ್ಲಿ ಇದನ್ನು ಎರಡು ಸಲ ಓದಿ.

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ತನ್ನಿ. ಖಾಲಿ ಸ್ಟ್ರಿಪ್ ಇದ್ದರೆ ಅದೂ ಬರಲಿ. ಅಂಗಡಿಯವರು ಹತ್ತು ಮಾತ್ರೆಯ ಸ್ಟ್ರಿಪ್ ಕತ್ತರಿಸಿ ನಾಲ್ಕು ಕೊಟ್ಟರೆ ಹೆಸರಿರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಹಾಗೆ ತರಬೇಡಿ, ಹೆಸರು ಕಾಣುವ ಸ್ಟ್ರಿಪ್ಪನ್ನೇ ಕೇಳಿ ತನ್ನಿ. ‘ಬಿಳಿ ಮಾತ್ರೆ, ಉದ್ದಕ್ಕಿದೆ’ ಎಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಾಟಿ ಔಷಧ, ಮಧುನಾಶಿನಿ ಪುಡಿ, ಹಾಗಲಕಾಯಿ ರಸ, ಯಾರೋ ಕೊಟ್ಟ ಹೆಸರಿಲ್ಲದ ಚೂರ್ಣ ಯಾವುದನ್ನೂ ಮುಚ್ಚಿಡಬೇಡಿ. ಯಾರೂ ಬೈಯುವುದಿಲ್ಲ. ಹೆಸರಿಲ್ಲದ ಪುಡಿಗಳಲ್ಲಿ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಬೆರೆಸುವುದುಂಟು. ಉಪವಾಸದ ದಿನ ಅದು ಸಕ್ಕರೆಯನ್ನು ಪಾತಾಳಕ್ಕೆ ಇಳಿಸಬಹುದು.

ಈಗ ಮುಖ್ಯ ವಿಷಯ. ಹೆಸರಿನ ಕೊನೆಯಲ್ಲಿ ‘ಗ್ಲಿಫ್ಲೋಜಿನ್’ ಎಂದು ಬರುವ ಮಾತ್ರೆಗಳಿವೆ: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್. ಒಳ್ಳೆಯ ಔಷಧಗಳೇ. ಹೃದಯಕ್ಕೂ ಕಿಡ್ನಿಗೂ ಅನುಕೂಲ ಎಂದು ಶುಗರ್ ಇಲ್ಲದವರಿಗೂ ಬರೆಯುತ್ತಾರೆ. ಮೆಟ್‌ಫಾರ್ಮಿನ್ ಜೊತೆ ಬೆರೆತ ಒಂದೇ ಮಾತ್ರೆಯಾಗಿಯೂ ಸಿಗುತ್ತವೆ, ಹಾಗಾಗಿ ಡಬ್ಬದ ಮೇಲಿನ ಸಣ್ಣ ಅಕ್ಷರ ಓದಬೇಕು. ಇವನ್ನು ಆಪರೇಷನ್‌ಗೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸಬೇಕು. ಎರ್ಟುಗ್ಲಿಫ್ಲೋಜಿನ್ ಆದರೆ 4 ದಿನ. ಬರೆದುಕೊಟ್ಟ ಹೃದಯದ ಡಾಕ್ಟರಿಗೆ ತಿಳಿಸಿಯೇ ನಿಲ್ಲಿಸಿ.

ಯಾಕಿಷ್ಟು ಗಟ್ಟಿಯಾಗಿ ಹೇಳುತ್ತಿದ್ದೇವೆಂದರೆ, ಈ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಅದರ ಮೇಲೆ ಉಪವಾಸ, ಅದರ ಮೇಲೆ ಆಪರೇಷನ್ನಿನ ಆಘಾತ. ದೇಹ ಕೊಬ್ಬನ್ನು ಉರಿಸಲು ಶುರು ಮಾಡುತ್ತದೆ, ಕೀಟೋನ್ ಸೇರಿಕೊಂಡು ರಕ್ತ ಆಮ್ಲೀಯವಾಗುತ್ತದೆ. ಸಾಮಾನ್ಯವಾಗಿ ಈ ಸ್ಥಿತಿಯಲ್ಲಿ ಸಕ್ಕರೆ 400, 500 ಇರುತ್ತದೆ, ನೋಡಿದವರು ಎಚ್ಚರಗೊಳ್ಳುತ್ತಾರೆ. ಗ್ಲಿಫ್ಲೋಜಿನ್ ತೆಗೆದುಕೊಂಡವರಲ್ಲಿ ಹಾಗಾಗದೆ ಹೋಗಬಹುದು. ಗ್ಲುಕೋಮೀಟರ್ 160 ತೋರಿಸುತ್ತಿರುತ್ತದೆ, ಎಲ್ಲರೂ ‘ಶುಗರ್ ಕಂಟ್ರೋಲಲ್ಲಿದೆ’ ಎಂದು ನಿಶ್ಚಿಂತರಾಗಿರುತ್ತಾರೆ, ರೋಗಿ ಮಾತ್ರ ವಾಂತಿ ಮಾಡುತ್ತಾ, ಹೊಟ್ಟೆ ಹಿಡಿದುಕೊಂಡು, ಜೋರಾಗಿ ಉಸಿರೆಳೆಯುತ್ತಿರುತ್ತಾರೆ. ಇಂಥ ಲಕ್ಷಣ ಕಂಡರೆ ಸಿಸ್ಟರನ್ನು ಕರೆದು ಸ್ಪಷ್ಟವಾಗಿ ಹೇಳಿ: ‘ಇವರು ಗ್ಲಿಫ್ಲೋಜಿನ್ ಮಾತ್ರೆಯಲ್ಲಿದ್ದರು, ಕೀಟೋನ್ ನೋಡಿ.’

ನಿಲ್ಲಿಸಲು ಮರೆತು ನಿನ್ನೆಯೂ ನುಂಗಿಬಿಟ್ಟಿದ್ದರೆ ಹೇಳಿಬಿಡಿ. ಆಪರೇಷನ್ ಮುಂದಕ್ಕೆ ಹೋಗುತ್ತದೆ, ರಜೆ ಹಾಳಾಗುತ್ತದೆ, ದುಬೈಯಿಂದ ಬಂದ ಮಗ ವಾಪಸು ಹೋಗಬೇಕು ಎಂದೆಲ್ಲ ಲೆಕ್ಕ ಹಾಕಿ ಸುಮ್ಮನಿರಬೇಡಿ.

ಗ್ಲಿಮಿಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಆಪರೇಷನ್ ದಿನ ಬೆಳಿಗ್ಗೆ ಬೇಡ. ನೀವು ಉಂಡರೂ ಸರಿ, ಉಣ್ಣದಿದ್ದರೂ ಸರಿ, ಇವು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತವೆ. ಮೆಟ್‌ಫಾರ್ಮಿನ್ ಕೂಡ ಆ ದಿನ ಬೇಡ.

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇದ್ದರೆ ದಿನ ಗೊತ್ತು ಮಾಡುವಾಗಲೇ ಅರಿವಳಿಕೆ ಡಾಕ್ಟರಿಗೆ ಹೇಳಿ. ತೂಕ ಇಳಿಸಲು ತೆಗೆದುಕೊಳ್ಳುತ್ತಿದ್ದರೂ ಹೇಳಿ. ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ರಾತ್ರಿಯಿಂದ ಉಪವಾಸವಿದ್ದರೂ ಹೊಟ್ಟೆಯಲ್ಲಿ ಊಟ ಉಳಿದಿರಬಹುದು. ಎಚ್ಚರ ತಪ್ಪಿಸಿದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ನಿಲ್ಲಿಸಬೇಕೋ, ಹಿಂದಿನ ದಿನ ಬರೀ ದ್ರವಾಹಾರದಲ್ಲಿರಬೇಕೋ ಅವರೇ ಹೇಳುತ್ತಾರೆ.

ಇನ್ಸುಲಿನ್: ‘ಊಟವೇ ಇಲ್ಲ, ಇನ್ಸುಲಿನ್ ಯಾಕೆ’ ಎಂದು ನೀವೇ ನಿಲ್ಲಿಸಬೇಡಿ. ಟೈಪ್ 1 ಇದ್ದವರು ಮೂಲ ಇನ್ಸುಲಿನ್ ಅನ್ನು ಒಂದು ದಿನವೂ ಬಿಡುವಂತಿಲ್ಲ. ದಿನವಿಡೀ ಕೆಲಸ ಮಾಡುವ ಗ್ಲಾರ್ಜಿನ್, ಡೆಗ್ಲುಡೆಕ್ ಥರದ್ದನ್ನು ಸಾಮಾನ್ಯವಾಗಿ ಮುಕ್ಕಾಲು ಪಾಲಿಗೆ ಇಳಿಸಿ, ಬೆಳಗಿನ ಎನ್‌ಪಿಎಚ್ ಅನ್ನು ಅರ್ಧಕ್ಕೆ ಇಳಿಸಿ ಕೊಡುತ್ತಾರೆ. ಊಟದ ಮುಂಚಿನ ಇನ್ಸುಲಿನ್ ಊಟವಿಲ್ಲದಿದ್ದರೆ ಬೇಡ. 30/70 ಮಿಶ್ರಣ ಹಾಕಿಕೊಳ್ಳುವವರು ಎಷ್ಟು ಯುನಿಟ್ ಎಂದು ಬರೆಸಿಕೊಂಡೇ ಮನೆಗೆ ಹೋಗಿ.

ಸಿರಿಂಜಿನ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ನಮ್ಮಲ್ಲಿ ಇನ್ಸುಲಿನ್ ಬಾಟಲಿ ಹೆಚ್ಚಾಗಿ ಮಿಲಿಲೀಟರಿಗೆ 40 ಯುನಿಟ್ಟಿನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನಲ್ಲಿ ಮತ್ತು ಕೆಲವು ಬಾಟಲಿಗಳಲ್ಲಿ 100 ಯುನಿಟ್ ಇರುತ್ತದೆ, ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ನೂರರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಹೋಗುವುದು 25 ಯುನಿಟ್. ಪೆನ್ ಕೆಟ್ಟಿತೆಂದು ಅದರ ಕಾರ್ಟ್ರಿಜ್‌ಗೆ ಸಿರಿಂಜ್ ಚುಚ್ಚಿ ಎಳೆಯಬೇಡಿ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಯನ್ನು ‘ರಕ್ತ ನಿಲ್ಲಲ್ಲವಂತೆ’ ಎಂದು ಯಾರದೋ ಮಾತು ಕೇಳಿ ಬಿಡಬೇಡಿ.

ಹಿಂದಿನ ರಾತ್ರಿ, ಅಂದು ಬೆಳಿಗ್ಗೆ

ಇಡ್ಲಿಯಂಥ ಹಗುರ ಊಟಕ್ಕೂ ಅರಿವಳಿಕೆಗೂ ನಡುವೆ 6 ಗಂಟೆ, ಕರಿದದ್ದು ಅಥವಾ ಮಾಂಸ ತಿಂದಿದ್ದರೆ 8 ಗಂಟೆ, ನೀರಿಗೆ 2 ಗಂಟೆ ಅಂತರವಿರಬೇಕು. ಹಾಲು ಹಾಕಿದ ಕಾಫಿ ಊಟದ ಲೆಕ್ಕಕ್ಕೆ ಸೇರುತ್ತದೆ, ನೀರಿನ ಲೆಕ್ಕಕ್ಕಲ್ಲ. ‘ಒಂದೇ ಒಂದು ಗುಟುಕು’ ಎನ್ನಬೇಡಿ. ಹಾಗೆಂದು ಹಿಂದಿನ ಮಧ್ಯಾಹ್ನದಿಂದಲೇ ಹೊಟ್ಟೆಗೆ ಹಾಕದೆ ಕೂರುವುದೂ ತಪ್ಪು. ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗೆ, ರಾತ್ರಿ ಉಂಡದ್ದು ಬೆಳಿಗ್ಗೆ ತೇಗಿನಲ್ಲಿ ಬರುವ ಹಾಗೆ ಇದ್ದರೆ ಹೇಳಿ. ಹಳೆಯ ಶುಗರ್ ಹೊಟ್ಟೆಯ ನರಗಳನ್ನೂ ಬಿಡುವುದಿಲ್ಲ.

ಶುಗರ್ ಇದ್ದವರನ್ನು ಪಟ್ಟಿಯಲ್ಲಿ ಮೊದಲು ತೆಗೆದುಕೊಳ್ಳುವುದು ಒಳ್ಳೆಯ ಪದ್ಧತಿ, ಉಪವಾಸ ಕಡಿಮೆಯಾಗಲಿ ಎಂದು. ಅದನ್ನು ಕೇಳಿ ಪಡೆಯಿರಿ. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ, ಅದು ಕಳೆಯಲಿ ಎಂದು ಪಟ್ಟು ಹಿಡಿದು ಸಿಕ್ಕ ಮೊದಲ ಸರದಿ ಬಿಟ್ಟುಕೊಡಬೇಡಿ. ಪೂಜೆ ಹಿಂದಿನ ದಿನವೇ ಮುಗಿಸಿ.

ಉಪವಾಸದಲ್ಲಿ ಬೆವರು, ನಡುಕ, ಮಂಕು ಕಂಡರೆ ತಕ್ಷಣ ಸಕ್ಕರೆ ನೋಡಿಸಿ. 70ಕ್ಕಿಂತ ಕೆಳಗೆ ಹೋಗಿದ್ದರೆ ಕಾಯುವ ಹಾಗಿಲ್ಲ. ವಾರ್ಡಿನಲ್ಲಿದ್ದರೆ ಸಿಸ್ಟರ್ ನರದ ಮೂಲಕ ಗ್ಲೂಕೋಸ್ ಕೊಡುತ್ತಾರೆ. ಇನ್ನೂ ಮನೆಯಲ್ಲಿದ್ದು, ರೋಗಿಗೆ ಎಚ್ಚರವಿದ್ದರೆ 3 ಟೀ ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಆಸ್ಪತ್ರೆಗೆ ಹೋದ ಕೂಡಲೇ ಅರಿವಳಿಕೆ ಡಾಕ್ಟರಿಗೆ ಎಷ್ಟು ಹೊತ್ತಿಗೆ ಕುಡಿಸಿದಿರಿ ಎಂದು ಹೇಳಿ. ಕದ್ದು ಬಿಸ್ಕತ್ತು ಕೊಡಬೇಡಿ.

ಮನೆಯಲ್ಲಿ ಬ್ಲೇಡಿನಿಂದ ಕೂದಲು ತೆಗೆಯಬೇಡಿ, ಕಣ್ಣಿಗೆ ಕಾಣದ ಗೀರುಗಳಲ್ಲಿ ಸೋಂಕು ಸೇರುತ್ತದೆ. ಬೇಕಿದ್ದರೆ ಆಸ್ಪತ್ರೆಯವರೇ ಕ್ಲಿಪ್ಪರಿನಿಂದ ತೆಗೆಯುತ್ತಾರೆ. ಸೋಪು ಹಚ್ಚಿ ಸ್ನಾನ ಮಾಡಿ ಬನ್ನಿ. ಬೀಡಿ, ಸಿಗರೇಟನ್ನು ನಾಲ್ಕು ವಾರ ಮೊದಲೇ ಬಿಡಿ.

ವಾರ್ಡಿನಲ್ಲಿ

‘ನಿನ್ನೆಯಿಂದ ಒಂದು ಅಗುಳು ತಿಂದಿಲ್ಲ, 260 ಹೇಗೆ ಬಂತು?’ ಎಂದು ಜಗಳಕ್ಕೆ ನಿಲ್ಲಬೇಡಿ. ಕೊಯ್ದ ನೋವಿಗೆ ದೇಹ ಕಾರ್ಟಿಸೋಲ್, ಅಡ್ರಿನಲಿನ್ ಹೊರಡಿಸುತ್ತದೆ, ಅವು ಲಿವರಿನಿಂದ ಸಕ್ಕರೆ ಎಳೆದು ರಕ್ತಕ್ಕೆ ಬಿಡುತ್ತವೆ. ವಾಂತಿ ತಡೆಯಲು ಥಿಯೇಟರಿನಲ್ಲಿ ಕೊಡುವ ಡೆಕ್ಸಾಮೆಥಸೋನ್ ಕೂಡ ಒಂದು ದಿನದ ಮಟ್ಟಿಗೆ ಸಕ್ಕರೆ ಏರಿಸುತ್ತದೆ. ಅದಕ್ಕೇ ಮಾತ್ರೆಯಲ್ಲಿದ್ದವರಿಗೂ ಈ ದಿನಗಳಲ್ಲಿ ಇನ್ಸುಲಿನ್ ಹಾಕುವುದು. ‘ಒಂದು ಸಲ ಹಾಕಿದರೆ ಸಾಯುವವರೆಗೆ ಬಿಡಲ್ಲ’ ಎನ್ನುವುದು ಸುಳ್ಳು. ಆಘಾತ ಇಳಿದು ಊಟ ಸರಿಹೋದ ಮೇಲೆ ಬಹಳ ಜನ ತಮ್ಮ ಮಾತ್ರೆಗೆ ಮರಳುತ್ತಾರೆ. ಇನ್ಸುಲಿನ್ ಬೇಡವೆಂದು ಸಹಿ ಹಾಕಿ ಕೊಡುವವರು, ಏರಿದ ಸಕ್ಕರೆಯಲ್ಲಿ ಬಿಳಿ ರಕ್ತಕಣಗಳು ಸೋಂಕಿನ ಮುಂದೆ ಮಂಕಾಗುತ್ತವೆ ಎನ್ನುವುದನ್ನು ತಿಳಿದು ಸಹಿ ಹಾಕಲಿ.

ಇನ್ನೊಂದು ತುದಿಗೂ ಹೋಗಬೇಡಿ. ‘ನೂರಕ್ಕೆ ತಂದು ನಿಲ್ಲಿಸಿ’ ಎಂದು ಒತ್ತಾಯಿಸುವವರೂ ಇದ್ದಾರೆ. 2009ರಲ್ಲಿ ಪ್ರಕಟವಾದ ನೈಸ್-ಶುಗರ್ ಅಧ್ಯಯನದಲ್ಲಿ ತೀವ್ರ ನಿಗಾ ಘಟಕದ ಆರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಸಕ್ಕರೆಯನ್ನು 81ರಿಂದ 108ರೊಳಗೆ ಬಿಗಿಹಿಡಿದ ಗುಂಪಿನಲ್ಲಿ 90 ದಿನದೊಳಗೆ ಶೇ. 27.5 ಜನ ತೀರಿಕೊಂಡರು. 180ರವರೆಗೆ ಬಿಟ್ಟ ಗುಂಪಿನಲ್ಲಿ ಶೇ. 24.9. ಈಗ ಆಪರೇಷನ್ ಹೊತ್ತಿನಲ್ಲಿ 100ರಿಂದ 180 ಇದ್ದರೆ ಸಾಕೆನ್ನುತ್ತಾರೆ. 170 ನೋಡಿ ಗಾಬರಿಯಾಗಬೇಡಿ.

ಬೆರಳು ಚುಚ್ಚುವ ಮೊದಲು ರೋಗಿಯ ಕೈ ತೊಳೆದು ಒರೆಸಿ. ಬಾಳೆಹಣ್ಣು ಸುಲಿದ ಬೆರಳಿನಲ್ಲೇ ನೋಡಿದರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಬಂದು, ಬೇಡದ ಇನ್ಸುಲಿನ್ ಬೀಳಬಹುದು. ನೇತುಹಾಕಿದ ಎಲ್ಲ ಬಾಟಲಿಯೂ ಗ್ಲೂಕೋಸಲ್ಲ, ಹೆಚ್ಚಿನವು ಉಪ್ಪುನೀರು. ಗ್ಲೂಕೋಸೇ ಆಗಿದ್ದರೂ ಅದನ್ನು ಇನ್ಸುಲಿನ್ ಜೊತೆ ಬೇಕೆಂದೇ ಹಾಕಿರುತ್ತಾರೆ. ನಳಿಕೆಯ ಗಾಲಿ ತಿರುಗಿಸಿ ನಿಧಾನ ಮಾಡಬೇಡಿ.

‘ಗ್ಯಾಸ್ಟ್ರಿಕ್’ ಎಂಬ ಮಾತನ್ನು ಕೆಲವು ದಿನ ಮರೆತುಬಿಡಿ. ಶುಗರ್ ಹಳೆಯದಾದವರಲ್ಲಿ ಎದೆನೋವಿಲ್ಲದೆಯೇ ಹೃದಯಾಘಾತವಾಗಬಹುದು, ನೋವು ತಿಳಿಸುವ ನರಗಳೇ ಸೋತಿರುತ್ತವೆ. ಕಾಣುವುದು ಬೆವರು, ಉಬ್ಬಸ, ವಾಕರಿಕೆ, ವಿಪರೀತ ಸುಸ್ತು ಇಷ್ಟೇ. ಸೋಡಾ, ಈನೋ, ಜೀರಿಗೆ ಕಷಾಯ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ಸಿಸ್ಟರನ್ನು ಎಬ್ಬಿಸಿ, ಇಸಿಜಿ ಕೇಳಿ.

ಅದೇ ನರದೋಷದಿಂದ ಪಾದಕ್ಕೂ ಅಪಾಯ. ರೋಗಿಯ ಹಿಮ್ಮಡಿ ಹಾಸಿಗೆಗೆ ಒತ್ತಿ ಒತ್ತಿ ಕಪ್ಪಾದರೂ ಅವರಿಗೆ ಗೊತ್ತಾಗುವುದಿಲ್ಲ. ಬೆಳಿಗ್ಗೆ, ಸಂಜೆ ಹೊದಿಕೆ ಸರಿಸಿ ಎರಡೂ ಹಿಮ್ಮಡಿ ನೋಡಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ತೇಲುವಂತೆ ಮಾಡಿ. ಕಾಲು ತಣ್ಣಗಿದೆ ಎಂದು ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ಅವರು ‘ಅಮ್ಮಾ’ ಎನ್ನುವುದಿಲ್ಲ. ಡಾಕ್ಟರು ನಡೆಯಿರಿ ಎಂದ ದಿನವೇ ನಡೆಸಿ. ಅಯ್ಯೋ ಪಾಪ ಎಂದು ಮಲಗಿಸಬೇಡಿ.

ನೋಡಲು ಬರುವವರಿಗೆ ಬಾಗಿಲಲ್ಲೇ ಹೇಳಿ: ಬ್ರೆಡ್ಡು, ಹಾರ್ಲಿಕ್ಸ್, ಮೂಸಂಬಿ ರಸ ಬೇಡ. ಎಳನೀರನ್ನೂ ಕೇಳದೆ ಕೊಡಬೇಡಿ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಕಿಡ್ನಿ ಸೋತವರ ಹೃದಯಕ್ಕೆ ಅದು ವಿಷವಾಗಬಹುದು.

ಪಥ್ಯ

ಇಲ್ಲಿ ಹಿರಿಯರ ಮನಸ್ಸಿಗೆ ನೋವಾದರೂ ಪರವಾಗಿಲ್ಲ. ಬೇಳೆ ತಿಂದರೆ ಕೀವಾಗುತ್ತದೆ, ಮೊಟ್ಟೆ ನಂಜು, ಬದನೆ ನಂಜು, ಹುಳಿ ತಿಂದರೆ ಹೊಲಿಗೆ ಬಿಡುತ್ತದೆ ಎಂದು ಒಂದೊಂದನ್ನೇ ತೆಗೆದುಹಾಕಿ ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಏನು? ಮೆತ್ತಗಿನ ಅನ್ನ, ಮೆಣಸಿನ ತಿಳಿಸಾರು, ಮೇಲೊಂದು ಲೋಟ ಗಂಜಿ. ಮಣ್ಣಿಲ್ಲದೆ ಗೋಡೆ ಏಳಲಿ ಎಂದು ಕೂತ ಹಾಗಾಯಿತು ಇದು. ಗಾಯ ಕೂಡಲು ಪ್ರೋಟೀನ್ ಬೇಕು, ಈ ಪಥ್ಯದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಏರಬಾರದ ಸಕ್ಕರೆಯನ್ನು ಮಾತ್ರ ಈ ಅನ್ನ, ಗಂಜಿ ಎರಡೂ ಏರಿಸುತ್ತವೆ. ಕೀವು ಮಾಡುವುದು ಬ್ಯಾಕ್ಟೀರಿಯಾ, ತೊಗರಿಬೇಳೆಯಲ್ಲ.

ಕಿಡ್ನಿ ಸರಿಯಿದ್ದರೆ ಆಪರೇಷನ್ ಆದವರಿಗೆ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇರುವವರಿಗೆ 72ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಈಗ ತಿಳಿಸಾರಿನಿಂದ ಎಷ್ಟು ಬರುತ್ತದೆ ಎಂದು ನೀವೇ ಲೆಕ್ಕ ಹಾಕಿ. ಗಟ್ಟಿ ಬೇಳೆಯ ತೊವ್ವೆ, ಮೊಳಕೆ ಹೆಸರುಕಾಳಿನ ಪಲ್ಯ, ಮೊಸರು, ಪನೀರ್ ಕೊಡಿ. ತಿನ್ನುವವರಿಗೆ ಮೊಟ್ಟೆ, ಮೀನು, ಕೋಳಿ ಕೊಡಿ. ಬಸ್ಸಾರು, ಉಪ್ಪೆಸರು ಮಾಡುವ ಮನೆಗಳಲ್ಲಿ ಕಾಳನ್ನು ಬೇರೆಯವರಿಗೆ ಬಡಿಸಿ ರೋಗಿಗೆ ಬರೀ ಸಾರು ಹಾಕಬೇಡಿ, ಕಾಳೇ ಅವರ ತಟ್ಟೆಗೆ ಬೀಳಲಿ. ನಿಂಬೆ, ನೆಲ್ಲಿಕಾಯಿ ಧಾರಾಳವಾಗಿ ಕೊಡಿ. ಗಾಯ ಬೆಸೆಯುವ ಕೊಲಾಜೆನ್ ಕಟ್ಟಲು ಸಿ ವಿಟಮಿನ್ ಬೇಕೇ ಬೇಕು. ಕ್ರಿಯಾಟಿನಿನ್ ಹೆಚ್ಚಿದ್ದವರು ಮಾತ್ರ ಪ್ರಮಾಣ ಕೇಳಿ ತಿನ್ನಬೇಕು.

ರಾಗಿಯ ಬಗ್ಗೆ ಒಂದು ಮಾತು. ‘ರಾಗಿ ಶುಗರಿಗೆ ಒಳ್ಳೆಯದು’ ಎಂದು ದಿನಕ್ಕೆ ಮೂರು ಲೋಟ ಗಂಜಿ ಕುಡಿಸುತ್ತಾರೆ. ನುಣ್ಣಗೆ ಬೀಸಿದ ಹಿಟ್ಟನ್ನು ನೀರಾಗಿ ಕುದಿಸಿ ಕುಡಿದರೆ ಸಕ್ಕರೆ ಸರಸರನೆ ಏರುತ್ತದೆ. ಸಣ್ಣ ಮುದ್ದೆ, ಜೊತೆಗೆ ಸೊಪ್ಪು ಕಾಳಿನ ಸಾರು ಅದಕ್ಕಿಂತ ಎಷ್ಟೋ ಮೇಲು.

ಮನೆಗೆ ಹೋದ ಮೇಲೆ

ಬಿಡುಗಡೆಯ ಚೀಟಿ ಕೈಗೆ ಬಂದಾಗ ಹಳೆಯ ಮಾತ್ರೆಗಳಲ್ಲಿ ಯಾವುದು ಇಂದಿನಿಂದ, ಯಾವುದು ಇನ್ನೂ ಬೇಡ ಎಂದು ಒಂದೊಂದನ್ನೇ ಕೇಳಿ. ಗ್ಲಿಫ್ಲೋಜಿನ್ ಅನ್ನು ಎಂದಿನಂತೆ ಊಟ ಮಾಡಲು ಶುರುವಾಗುವವರೆಗೆ ಮುಟ್ಟಬೇಡಿ. ಆಸ್ಪತ್ರೆಯಲ್ಲಿ ಹಾಕುತ್ತಿದ್ದ ಇನ್ಸುಲಿನ್ ಪ್ರಮಾಣವನ್ನೇ ಮನೆಯಲ್ಲಿ ತಿಂಗಳುಗಟ್ಟಲೆ ಮುಂದುವರಿಸಬೇಡಿ. ದೇಹದ ಆಘಾತ ಇಳಿದಂತೆ ಅಷ್ಟು ಬೇಕಾಗುವುದಿಲ್ಲ, ನಡುರಾತ್ರಿ ಸಕ್ಕರೆ ಕುಸಿಯಬಹುದು. ಮೊದಲ ಎರಡು ವಾರ ಬರಿಹೊಟ್ಟೆಯಲ್ಲೂ ಊಟವಾದ ಎರಡು ಗಂಟೆಗೂ ನೋಡಿ, ದಿನಾಂಕ ಹಾಕಿ ಬರೆದಿಡಿ.

ಗಾಯಕ್ಕೆ ಅರಿಶಿನ, ಕಾಫಿಪುಡಿ, ಬೂದಿ, ಬೇವಿನ ರಸ ಯಾವುದೂ ಬೇಡ. ಡ್ರೆಸ್ಸಿಂಗ್ ಮುಟ್ಟುವ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ. ಪಕ್ಕದ ಮನೆಯವರಿಗೆ ಏಳನೆಯ ದಿನ ಹೊಲಿಗೆ ಬಿಚ್ಚಿದರೆಂದು ನಿಮಗೂ ಬಿಚ್ಚಬೇಕೆಂದಿಲ್ಲ. ಶುಗರ್ ಇದ್ದವರಿಗೆ ಕೆಲವು ಸಲ ಇನ್ನಷ್ಟು ದಿನ ಬಿಡುತ್ತಾರೆ.

ಈ ಕೆಳಗಿನ ಯಾವುದಾದರೂ ಒಂದು ಕಂಡರೂ ಅಂದೇ ಕರೆತನ್ನಿ, ಭಾನುವಾರವಾದರೂ ಸರಿ: ಗಾಯದ ಸುತ್ತ ಕೆಂಪು ಹರಡುವುದು, ಕೀವು ಅಥವಾ ಕೆಟ್ಟ ವಾಸನೆ, ಹೊಲಿಗೆ ಬಿಡುವುದು, ಚಳಿಜ್ವರ, ಸಕ್ಕರೆ ಎರಡು ಸಲ ನೋಡಿದರೂ 300 ದಾಟಿರುವುದು, ನಿಲ್ಲದ ವಾಂತಿ, ಮೂತ್ರ ಕಟ್ಟುವುದು, ಮಾತು ತೊದಲುವುದು. ಜ್ವರವಿಲ್ಲ, ನೋವಿಲ್ಲ ಎಂದು ನಂಬಿ ಕೂರಬೇಡಿ. ಸಕ್ಕರೆ ಕಾಯಿಲೆಯಲ್ಲಿ ಸೋಂಕು ಸದ್ದಿಲ್ಲದೆ ಬೆಳೆಯಬಲ್ಲದು. ಕಾರಣವಿಲ್ಲದೆ ಸಕ್ಕರೆ ಏರುತ್ತಾ ಹೋದರೆ ಮೊದಲು ಗಾಯ ಬಿಚ್ಚಿ ನೋಡಿಸಿ, ಮನೆಯಲ್ಲೇ ಇನ್ಸುಲಿನ್ ಹೆಚ್ಚಿಸುತ್ತಾ ಕೂರಬೇಡಿ. ಬರುವಾಗ ಸಕ್ಕರೆ ಬರೆದಿಟ್ಟ ಪುಸ್ತಕ, ಬಿಡುಗಡೆ ಚೀಟಿ, ಮಾತ್ರೆಯ ಚೀಲ ಮೂರೂ ಕೈಯಲ್ಲಿರಲಿ.